ಮನೆಯ ಬಿಜಿಪಿ ಪ್ರಯೋಗ, ನಾಲ್ಕನೆಯ ವಾರ: ಶಿಂಷಾ ಸೋರಲು ಒಪ್ಪದ ಸಂಜೆ

ಹಳೆಯ ಲ್ಯಾಪ್‌ಟಾಪಿನಲ್ಲಿ ಕಟ್ಟಿಕೊಂಡಿರುವ ಪುಟ್ಟ ಅಂತರ್ಜಾಲ ಈ ವಾರ ಕೊನೆಗೂ ನಾನು ಬಯಸಿದಂತೆ ಕೆಟ್ಟಿತು.

ಹೊಸದಾಗಿ ಓದುತ್ತಿರುವವರಿಗಾಗಿ ರಚನೆಯನ್ನು ಮತ್ತೊಮ್ಮೆ ಹೇಳುತ್ತೇನೆ. ಲಿನಕ್ಸಿನ ಐದು ಕಂಟೇನರ್‌ಗಳಲ್ಲಿ (ಒಂದೇ ಯಂತ್ರದೊಳಗಿನ ಪ್ರತ್ಯೇಕ ಕೋಣೆಗಳಲ್ಲಿ) ಎಫ್‌ಆರ್‌ಆರ್ ಎಂಬ ರೂಟರ್ ತಂತ್ರಾಂಶ ಓಡುತ್ತಿದೆ. ಯಾವ ವಿಳಾಸಕ್ಕೆ ಯಾವ ದಾರಿ (ರೂಟ್) ಎಂದು ಜಾಲಗಳು ಪರಸ್ಪರ ತಿಳಿಸಿಕೊಳ್ಳುವ ಭಾಷೆಯೇ ಬಿಜಿಪಿ. ಪ್ರತಿಯೊಂದೂ ಒಂದು ಸ್ವತಂತ್ರ ಜಾಲವಾಗಿದ್ದು, ದಾಖಲೆಗಳಲ್ಲಿ ಉದಾಹರಣೆ ಕೊಡಲೆಂದೇ ಮೀಸಲಿಟ್ಟಿರುವ 64496ರಿಂದ 64511ರವರೆಗಿನ ಎಎಸ್ (ಸ್ವತಂತ್ರ ಜಾಲ) ಸಂಖ್ಯೆಗಳಲ್ಲಿ ಒಂದೊಂದನ್ನು ಪಡೆದಿದೆ. ತುಂಗಾ ಮತ್ತು ಭದ್ರಾ ದೊಡ್ಡ ಜಾಲಗಳು. ಅವು ಪರಸ್ಪರ ಹಣ ಕೇಳದೆ, ತಮ್ಮ ತಮ್ಮ ಗ್ರಾಹಕರ ಟ್ರಾಫಿಕ್ಕನ್ನಷ್ಟೇ ವಿನಿಮಯ ಮಾಡಿಕೊಳ್ಳುವ ಪಿಯರ್‌ಗಳಾದ್ದರಿಂದ ಅವುಗಳ ನಡುವಿನ ಕೊಂಡಿಗೆ ಕೂಡ್ಲಿ ಎಂದೇ ಹೆಸರಿಟ್ಟಿದ್ದೇನೆ. ಶರಾವತಿ ತುಂಗೆಯ ಗ್ರಾಹಕ, ವರದಾ ಭದ್ರೆಯ ಗ್ರಾಹಕ. ಶಿಂಷಾ ಇಬ್ಬರಿಗೂ ಹಣ ಕೊಟ್ಟು, ಒಂದು ಕೊಂಡಿ ಬಿದ್ದರೆ ಇನ್ನೊಂದಿರಲಿ ಎಂದು ಇಬ್ಬರಿಂದಲೂ ಟ್ರಾನ್ಸಿಟ್ (ಉಳಿದ ಅಂತರ್ಜಾಲಕ್ಕೆ ದಾರಿ) ಪಡೆಯುವ ಸಣ್ಣ ಸಂಸ್ಥೆ. (ಭೂಗೋಳ ಬಲ್ಲವರು ಕ್ಷಮಿಸಬೇಕು.)

ನನ್ನ ಉದ್ದೇಶ ರೂಟ್ ಸೋರಿಕೆಯನ್ನು, ಅಂದರೆ ದಾರಿಯ ಮಾಹಿತಿ ಹೋಗಬಾರದ ಕಡೆಗೆ ಹೋಗುವುದನ್ನು, ಮನೆಯಲ್ಲೇ ಮಾಡಿ ನೋಡುವುದಾಗಿತ್ತು. ಜಾಲಗಳ ನಡುವಿನ ಅಲಿಖಿತ ನಿಯಮ ಸರಳವಾಗಿದೆ: ಗ್ರಾಹಕರಿಂದ ಬಂದ ರೂಟುಗಳನ್ನು ಎಲ್ಲರಿಗೂ ತಿಳಿಸಬಹುದು, ಆದರೆ ಪಿಯರ್‌ನಿಂದಲೋ ಟ್ರಾನ್ಸಿಟ್ ಕೊಡುವವರಿಂದಲೋ ಬಂದವನ್ನು ಗ್ರಾಹಕರಿಗೆ ಮಾತ್ರ ತಿಳಿಸಬೇಕು. ಅಂತರ್ಜಾಲ ತಂತ್ರಜ್ಞರು ಪ್ರಕಟಿಸುವ ಆರ್‌ಎಫ್‌ಸಿ ದಾಖಲೆಗಳಲ್ಲಿ 2016ರ ಆರ್‌ಎಫ್‌ಸಿ 7908 ಸೋರಿಕೆಗಳನ್ನು ಆರು ಬಗೆಯಾಗಿ ವಿಂಗಡಿಸಿದೆ. ಅದರ ಮೊದಲನೆಯ ಬಗೆಯೇ ಶಿಂಷಾಳ ಕಥೆ, ಅಂದರೆ ಒಬ್ಬ ಪೂರೈಕೆದಾರನಿಂದ ಕಲಿತ ದಾರಿಯನ್ನು ಇನ್ನೊಬ್ಬ ಪೂರೈಕೆದಾರನಿಗೆ ಹೇಳಿಬಿಡುವುದು. ಯಾರು ಯಾರಿಗೆ ಹಣ ಕೊಡುತ್ತಾರೆ ಎಂಬುದನ್ನು ಬರೆದುಕೊಳ್ಳಲು ಮೂಲ ಬಿಜಿಪಿಯಲ್ಲಿ ಜಾಗವೇ ಇಲ್ಲದ್ದರಿಂದ, ಹೇಳಿದ್ದನ್ನೆಲ್ಲ ಅದು ನಂಬಿಕೆಯಿಂದ ಮುಂದಕ್ಕೆ ದಾಟಿಸುತ್ತದೆ.

ಮೊದಲ ಸಂಜೆ ಒಂದು ರೂಟೂ ಅಲುಗಲಿಲ್ಲ. ನೆರೆಯವರ ಪಟ್ಟಿಯಲ್ಲಿ ಪ್ರಿಫಿಕ್ಸ್‌ಗಳ (ವಿಳಾಸಗಳ ಗುಂಪುಗಳ) ಎಣಿಕೆ ಇರಬೇಕಾದ ಜಾಗದಲ್ಲಿ ಆವರಣದೊಳಗೆ ‘ಪಾಲಿಸಿ’ ಎಂಬ ಪದವಷ್ಟೇ ಕಾಣುತ್ತಿತ್ತು. 2017ರ ಆರ್‌ಎಫ್‌ಸಿ 8212ರ ಪ್ರಕಾರ, ಫಿಲ್ಟರ್ ಬರೆಯದ ಹೊರಗಿನ ಬಿಜಿಪಿ ಸಂಪರ್ಕದಲ್ಲಿ ಏನನ್ನೂ ಪಡೆಯಬಾರದು, ಏನನ್ನೂ ಕಳಿಸಬಾರದು. ಎಫ್‌ಆರ್‌ಆರ್ ಇದನ್ನು ತಾನಾಗಿಯೇ ಪಾಲಿಸುತ್ತದೆ. ಉಳಿದ ನಾಲ್ಕು ರೂಟರ್‌ಗಳಿಗೆ ಕ್ರಮವಾಗಿ ಫಿಲ್ಟರ್ ಬರೆದು, ಶಿಂಷಾದಲ್ಲಿ ಮಾತ್ರ ಈ ಕಾವಲನ್ನೇ ತೆಗೆದುಹಾಕಿದೆ. ಸೋರಲು ಬೇಕಾದದ್ದು ಆ ಒಂದು ಸಾಲಷ್ಟೇ.

ಆದರೂ ಏನೂ ಆಗಲಿಲ್ಲ. ಶರಾವತಿಯ ಪ್ರಿಫಿಕ್ಸ್ 203.0.113.0/24 ಶಿಂಷಾಳ ಮೂಲಕ ಭದ್ರೆಗೆ ತಲುಪಿತ್ತು, ಪಟ್ಟಿಯಲ್ಲಿ ಕಾಣುತ್ತಲೂ ಇತ್ತು. ಭದ್ರಾ ಮಾತ್ರ ಅದನ್ನು ಆರಿಸಿಕೊಳ್ಳಲಿಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಕೂಡ್ಲಿಯ ದಾರಿಯಲ್ಲಿ ಎರಡು ಎಎಸ್‌ಗಳಿವೆ, ಶಿಂಷಾಳ ದಾರಿಯಲ್ಲಿ ಮೂರು. ಚಿಕ್ಕದು ಗೆಲ್ಲುವುದು ಸಹಜ. ಹಾಗಿದ್ದರೆ ನಿಜ ಪ್ರಪಂಚದಲ್ಲಿ ಉದ್ದನೆಯ ದಾರಿ ಗೆಲ್ಲುವುದು ಹೇಗೆ? ಅಲ್ಲಿ ಗ್ರಾಹಕನ ಕಡೆಗೆ ಟ್ರಾಫಿಕ್ ಕಳಿಸಿದರೆ ಹಣ ಬರುತ್ತದೆ, ಪಿಯರ್ ಕಡೆಗೆ ಕಳಿಸಿದರೆ ಬರುವುದಿಲ್ಲ, ಪೂರೈಕೆದಾರನ ಕಡೆಗೆ ಕಳಿಸಿದರೆ ಕೈಯಿಂದ ಕೊಡಬೇಕಾಗುತ್ತದೆ. ಈ ಲೆಕ್ಕಾಚಾರವನ್ನು ಲೋಕಲ್ ಪ್ರಿಫರೆನ್ಸ್ ಎಂಬ ಅಂಕಿಯಲ್ಲಿ ಬರೆದಿಡುತ್ತಾರೆ, ಮತ್ತು ರೂಟರ್ ದಾರಿಯ ಉದ್ದವನ್ನು ನೋಡುವ ಮೊದಲೇ ಆ ಅಂಕಿಯನ್ನು ನೋಡುತ್ತದೆ. ನಾನು ಅದನ್ನು ಬರೆದೇ ಇರಲಿಲ್ಲ. ವ್ಯಾಪಾರವಿಲ್ಲದ ಅಂತರ್ಜಾಲವನ್ನು ಕಟ್ಟಿ ಕುಳಿತಿದ್ದೆ. ಗ್ರಾಹಕನಿಗೆ 200, ಪಿಯರ್‌ಗೆ 100, ಪೂರೈಕೆದಾರನಿಗೆ 50 ಎಂದು ಸೇರಿಸಿದ ಕೂಡಲೇ ಭದ್ರಾ ಶಿಂಷಾಳ ಕಡೆಗೆ ವಾಲಿತು.

ವರದಾದಿಂದ ಶರಾವತಿಗೆ ಟ್ರೇಸ್‌ರೂಟ್ (ದಾರಿಯ ಪ್ರತಿ ನಿಲುಗಡೆಯನ್ನು ತೋರಿಸುವ ಆದೇಶ) ಓಡಿಸಿದರೆ ಭದ್ರಾ ಮತ್ತು ತುಂಗಾ ನಡುವೆ ಶಿಂಷಾ ಬಂದು ಕೂತಿದ್ದಳು. ಶಿಂಷಾಳ ಎರಡೂ ಕೊಂಡಿಗಳಿಗೆ 10 ಮೆಗಾಬಿಟ್ ಮಿತಿಯನ್ನೂ 20 ಮಿಲಿಸೆಕೆಂಡ್ ವಿಳಂಬವನ್ನೂ ಮೊದಲೇ ಹಾಕಿಟ್ಟಿದ್ದೆ. ಅದುವರೆಗೆ ಒಂದು ಮಿಲಿಸೆಕೆಂಡನ್ನೂ ದಾಟದ ಪಿಂಗ್ (ಹೋಗಿ ಬರುವ ಸಮಯ) 40ಕ್ಕೆ ಏರಿತು. ಒಂದು ದೊಡ್ಡ ಕಡತದ ವರ್ಗಾವಣೆಯನ್ನು ಆರಂಭಿಸಿದಾಗ ಒಂದು ಸೆಕೆಂಡನ್ನೂ ದಾಟಿತು. ಎಲ್ಲಿಯೂ ಕೊಂಡಿ ಬಿದ್ದಿಲ್ಲ, ಯಾವ ರೂಟರ್‌ನಲ್ಲೂ ದೋಷದ ಸಂದೇಶವಿಲ್ಲ.

ಟೆಲಿಕಾಂ ಮಲೇಷ್ಯಾ 2015ರ ಜೂನ್ 12ರಂದು ಸುಮಾರು 1,79,000 ಪ್ರಿಫಿಕ್ಸ್‌ಗಳನ್ನು ಲೆವೆಲ್ 3 ಜಾಲಕ್ಕೆ ಸೋರಿಸಿದಾಗ ನಡೆದದ್ದು ಬಹುಮಟ್ಟಿಗೆ ಇದೇ, ಅಳತೆ ಮಾತ್ರ ಬೇರೆ. 2019ರ ಜೂನ್ 24ರ ಪ್ರಕರಣ ಸ್ವಲ್ಪ ಭಿನ್ನ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಗ್ರಾಹಕ ಸಂಸ್ಥೆಯ ಮೂಲಕ ವೆರೈಝನ್‌ಗೆ ತಲುಪಿದ್ದು, ಬಿಜಿಪಿ ಆಪ್ಟಿಮೈಸರ್ (ದಾರಿಗಳನ್ನು ತಾನಾಗಿ ಹೊಂದಿಸುವ ತಂತ್ರಾಂಶ) ಒಂದು ಒಡೆದು ಚೂರುಮಾಡಿದ ಪ್ರಿಫಿಕ್ಸ್‌ಗಳು. ಹೆಚ್ಚು ನಿರ್ದಿಷ್ಟವಾದ ಚೂರು ಯಾವಾಗಲೂ ಗೆಲ್ಲುವುದರಿಂದ ಅಲ್ಲಿ ಹಣದ ಲೆಕ್ಕಕ್ಕೂ ಕೆಲಸವಿರಲಿಲ್ಲ. ಅದನ್ನು ಇನ್ನೂ ಮಾಡಿ ನೋಡಿಲ್ಲ.

ತಡೆಯುವ ಪ್ರಯತ್ನಗಳಲ್ಲಿ ಭದ್ರೆಯಲ್ಲಿ ಶಿಂಷಾಳ ಸ್ವಂತ ಪ್ರಿಫಿಕ್ಸ್ ಒಂದನ್ನೇ ಒಪ್ಪುವ ಫಿಲ್ಟರ್ ಹಾಕಿದ್ದು ತಕ್ಷಣ ಕೆಲಸ ಮಾಡಿತು. ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪ್ರಿಫಿಕ್ಸನ್ನು ಘೋಷಿಸುವ ಹಕ್ಕು ಮೂಲ ಎಎಸ್‌ಗೆ ಇದೆಯೇ ಎಂದು ನೋಡುವ ಆರ್‌ಪಿಕೆಐ ಮೂಲ ಪರಿಶೀಲನೆಯಿಂದ ಪ್ರಯೋಜನವಾಗಲಿಲ್ಲ, ಆಗುವುದೂ ಇಲ್ಲ: ಸೋರಿದ ದಾರಿಯ ಮೂಲ ಎಎಸ್ ಈಗಲೂ ಶರಾವತಿಯೇ ಆಗಿರುವುದರಿಂದ ಅದು ಸಾಚಾ ಎಂದೇ ಪಾಸಾಗುತ್ತದೆ. ನನಗೆ ಹಿಡಿಸಿದ್ದು 2022ರ ಆರ್‌ಎಫ್‌ಸಿ 9234. ಇದರಲ್ಲಿ ಪ್ರತಿ ಸಂಪರ್ಕಕ್ಕೂ ನಾನು ಪೂರೈಕೆದಾರ, ನೀನು ಗ್ರಾಹಕ ಎಂಬ ಪಾತ್ರವನ್ನು ಎರಡೂ ಕಡೆ ಘೋಷಿಸಬಹುದು. ತುಂಗಾ ಶಿಂಷಾಗೆ ಕಳಿಸುವ ರೂಟಿಗೆ ‘ಗ್ರಾಹಕರಿಗೆ ಮಾತ್ರ’ ಎಂಬ ಗುರುತು ಬೀಳುತ್ತದೆ. ಗ್ರಾಹಕನ ಕಡೆಯಿಂದ ಆ ಗುರುತಿರುವ ರೂಟ್ ಬಂದರೆ ಅದನ್ನು ಸೋರಿಕೆಯೆಂದು ತಿಳಿದು ಕೈಬಿಡಬೇಕು. ಶಿಂಷಾದಲ್ಲಿ ಬೇಕೆಂದೇ ಪಾತ್ರವನ್ನು ಬರೆಯದೆ ಬಿಟ್ಟೆ. ಏನೂ ಅರಿಯದ ಶಿಂಷಾ ಗುರುತನ್ನು ಹಾಗೆಯೇ ಹೊತ್ತು ಭದ್ರೆಯ ಬಾಗಿಲಿಗೆ ಒಯ್ದಳು, ಭದ್ರಾ ತಿರಸ್ಕರಿಸಿತು, ಪಿಂಗ್ ಮತ್ತೆ ಒಂದು ಮಿಲಿಸೆಕೆಂಡಿನೊಳಗೆ ಬಂತು.

ಮುಂದಿನ ವಾರ ತುಂಗೆಯಿಂದಲೂ ಪಾತ್ರದ ಸಾಲನ್ನು ತೆಗೆದು, ಗುರುತೇ ಬೀಳದ ರೂಟನ್ನು ಭದ್ರಾ ಏನು ಮಾಡುತ್ತದೆಂದು ನೋಡಬೇಕು. ನುಂಗಿಬಿಡುತ್ತದೆ ಎಂಬುದೇ ನನ್ನ ಊಹೆ.