ಪಕ್ಷೇತರರ ಮೊದಲ ಕೆಲಸ: ಹತ್ತು ಸೂಚಕರು

ಮುಂಬಯಿಯ 36 ವಿಧಾನಸಭಾ ಕ್ಷೇತ್ರಗಳಲ್ಲಿ ಯಾವುದರಲ್ಲಾದರೂ ನಮ್ಮ ಕನ್ನಡಿಗರೊಬ್ಬರು ಪಕ್ಷೇತರರಾಗಿಯೋ, ಮಾನ್ಯತೆ ಸಿಗದ ಚಿಕ್ಕ ಪಕ್ಷದಿಂದಲೋ ನಿಲ್ಲುತ್ತಾರೆ ಅಂದುಕೊಳ್ಳಿ. ಬ್ಯಾನರು, ಭಾಷಣ ಎಲ್ಲ ಆಮೇಲೆ. ಮೊದಲು ಹತ್ತು ಸೂಚಕರು, ಅಂದರೆ ಅಭ್ಯರ್ಥಿಯ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು, ಸಿಗಬೇಕು.

ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು. ಉಳಿದವರಿಗೆ ಹತ್ತು ಮಂದಿ ಬೇಕು, ಹತ್ತೂ ಮಂದಿ ಅದೇ ಕ್ಷೇತ್ರದ ಮತದಾರರಾಗಿರಬೇಕು. ಒಬ್ಬರದು ಕೈಕೊಟ್ಟರೂ ಆ ನಾಮಪತ್ರ ತಿರಸ್ಕೃತ. ಮುಂಬಯಿಯಲ್ಲಿ ಎಡವುವುದು ಇಲ್ಲೇ. ಚಾಳು ಕೆಡವಿ ಬಿಲ್ಡಿಂಗ್ ಕಟ್ಟುವಷ್ಟರಲ್ಲಿ ಹಳಬರು ಡೊಂಬಿವಲಿಗೋ ಮೀರಾ ರೋಡಿಗೋ ಹೋಗಿ, ಓಟನ್ನೂ ಅಲ್ಲಿಗೆ ಬದಲಾಯಿಸಿಕೊಂಡಿರುತ್ತಾರೆ. ಸಂಘದ ಪೂಜೆಗೆ ತಪ್ಪದೆ ಬರುವುದರಿಂದ ಇನ್ನೂ ಇಲ್ಲಿಯವರೇ ಅನ್ನಿಸುತ್ತದೆ. ಮುಖಪರಿಚಯ ನಂಬಬೇಡಿ. ಪೂರಕ ಪಟ್ಟಿ ಸೇರಿದ ಇತ್ತೀಚಿನ ಮತದಾರರ ಪಟ್ಟಿ ತಂದು ಒಬ್ಬೊಬ್ಬರ ಭಾಗ ಸಂಖ್ಯೆ, ಕ್ರಮ ಸಂಖ್ಯೆಗಳನ್ನು ಬೆರಳಿಟ್ಟು ನೋಡಿ. ಊರಿನ ಕಾಗದದಲ್ಲಿ ಇನಿಶಿಯಲ್ ಇರುವ ಹೆಸರು ಇಲ್ಲಿ ಗಂಡನ ಹೆಸರು, ಅಡ್ಡಹೆಸರು ಸೇರಿಸಿಕೊಂಡು ದೇವನಾಗರಿಯಲ್ಲಿ ಬೇರೆಯೇ ಕಾಣುತ್ತದೆ. ಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಕಾಗುಣಿತದ ಸಣ್ಣ ತಪ್ಪನ್ನು ಕಾನೂನು ಮನ್ನಿಸುತ್ತದೆ. ಸೂಚಕರ ಪರವಾಗಿ ಮನೆಯವರು ಹಾಕಿದ ಸಹಿಯನ್ನು ಮನ್ನಿಸುವುದಿಲ್ಲ. ಹೆಬ್ಬೆಟ್ಟು ಒತ್ತುವ ಅಜ್ಜಿ ಸೂಚಕಿಯಾದರೆ ಅವರನ್ನು ಜೊತೆಗೇ ಕರೆದೊಯ್ಯಿರಿ, ಅದು ಚುನಾವಣಾಧಿಕಾರಿಯ ಎದುರಲ್ಲೇ ಆಗಬೇಕು.

ಒಬ್ಬ ಅಭ್ಯರ್ಥಿ ಒಂದು ಕ್ಷೇತ್ರದಲ್ಲಿ ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು, ಠೇವಣಿ ಒಂದೇ. ಕನಿಷ್ಠ ಎರಡನ್ನಾದರೂ ಬೇರೆ ಬೇರೆ ಹತ್ತು ಮಂದಿಯಿಂದ ಮಾಡಿಸಿ. ಇದರಲ್ಲಿ ಸೋಮಾರಿತನ ಬೇಡವೇ ಬೇಡ. ತಿರಸ್ಕೃತವಾದರೆ ಚುನಾವಣೆ ಮುಗಿಯುವ ತನಕ ಕೋರ್ಟಿನಲ್ಲಿ ಪ್ರಶ್ನಿಸಲು ಬರುವುದಿಲ್ಲ, 1952ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ.

ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಅದು ಉಳಿಯಬೇಕಾದರೆ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಸಿಗಬೇಕು: ಒಂದೂವರೆ ಲಕ್ಷ ಮತ ಬಿದ್ದರೆ 25,000 ದಾಟಬೇಕು.

ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ವಿವರ ಕೊಡುವ ಫಾರ್ಮ್ 26ರ ಅಫಿಡವಿಟ್‌ನಲ್ಲಿ ಒಂದು ಕಾಲಮನ್ನೂ ಖಾಲಿ ಬಿಡಬೇಡಿ. ಸಾಲ ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಬೇಕು, ಗೀಟು ಎಳೆದರೆ ಸಾಲದು. ಖಾಲಿ ಬಿಟ್ಟು, ಅಧಿಕಾರಿ ನೆನಪಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಇನ್ನೊಂದು ವಿಷಯ ಬಹಳ ಮಂದಿಗೆ ಮರೆತುಹೋಗುತ್ತದೆ, ಸಂವಿಧಾನಕ್ಕೆ ನಿಷ್ಠೆಯಿಂದಿರುತ್ತೇನೆಂದು ಅಭ್ಯರ್ಥಿ ಮಾಡುವ ಪ್ರಮಾಣವಚನ. ನಾಮಪತ್ರ ಕೊಟ್ಟ ಮೇಲೆ, ಪರಿಶೀಲನೆಯ ಹಿಂದಿನ ದಿನದೊಳಗೆ ಅದು ಮುಗಿದಿರಬೇಕು. ಕೊನೆಯ ದಿನ ಮೂರು ಗಂಟೆಗೆ ಓಡಿಬರುವವರಿಗೆ ಇವನ್ನೆಲ್ಲ ಸರಿಪಡಿಸಲು ಸಮಯವೇ ಉಳಿಯುವುದಿಲ್ಲ. ಎರಡು ದಿನ ಮೊದಲೇ ಹೋಗಿ.

ಖರ್ಚಿಗೆಂದೇ ಬೇರೆ ಬ್ಯಾಂಕ್ ಖಾತೆ ನಾಮಪತ್ರಕ್ಕೆ ಒಂದು ದಿನ ಮುಂಚೆಯಾದರೂ ತೆರೆದಿರಬೇಕು. ಮಹಾರಾಷ್ಟ್ರದಲ್ಲಿ ಖರ್ಚಿನ ಮಿತಿ 40 ಲಕ್ಷ. ಸೋತವರೂ ಫಲಿತಾಂಶದ 30 ದಿನದೊಳಗೆ ಲೆಕ್ಕ ಕೊಡಬೇಕು. ಕೊಡದಿದ್ದರೆ ಮೂರು ವರ್ಷ ಅನರ್ಹತೆ ಬರಬಹುದು.

ಚಿಹ್ನೆಗೆ ಮೂರು ಆಯ್ಕೆ ಬರೆಯಬೇಕು. ಯಂತ್ರದ ಮೇಲೆ ಅದು ಕಪ್ಪುಬಿಳುಪಿನಲ್ಲಿ, ಪುಟ್ಟದಾಗಿ ಬರುತ್ತದೆ, ಹಾಗಾಗಿ ಕನ್ನಡಕ ಮರೆತು ಬಂದವರಿಗೂ ಗುರುತು ಸಿಗುವಂಥದ್ದನ್ನು ಆರಿಸಿ. 2024ರ ಲೋಕಸಭೆಯಲ್ಲಿ ಸಾತಾರಾದ ಪಕ್ಷೇತರರೊಬ್ಬರ ‘ತುತಾರಿ’ (ತುತ್ತೂರಿ) ಚಿಹ್ನೆಗೆ 37 ಸಾವಿರ ಮತ ಬಿದ್ದವು; ಅಲ್ಲಿಯ ಗೆಲುವಿನ ಅಂತರ 33 ಸಾವಿರದೊಳಗಿತ್ತು. ತುತಾರಿ ಊದುವ ಮನುಷ್ಯನ ಚಿಹ್ನೆಯಿದ್ದ, ಅಲ್ಲಿ ಸೋತ ಶರದ್ ಪವಾರ್ ಅವರ ಎನ್‌ಸಿಪಿ ಪಕ್ಷ ಇದರಿಂದಲೇ ಗೊಂದಲವಾಯಿತೆಂದು ದೂರಿತು.

ಎಲ್ಲ ಬೂತ್‌ಗೂ ಏಜೆಂಟರನ್ನು ಕೂರಿಸಲು ಚಿಕ್ಕ ಅಭ್ಯರ್ಥಿಗೆ ಆಗುವುದಿಲ್ಲ. ನಿಮ್ಮ ಮತ ಗಟ್ಟಿಯಾಗಿರುವ ಬೂತ್‌ಗಳಿಗೆ ಗಟ್ಟಿ ಜನರನ್ನು ಹಾಕಿ. ಮತದಾನಕ್ಕೆ ಒಂದೂವರೆ ಗಂಟೆ ಮೊದಲು ನಡೆಯುವ ಅಣಕು ಮತದಾನಕ್ಕೆ ಅವರು ಹಾಜರಿರಲಿ, ಸಂಜೆ ಆ ಬೂತ್‌ನಲ್ಲಿ ಬಿದ್ದ ಮತಗಳ ಲೆಕ್ಕವಿರುವ ಫಾರ್ಮ್ 17ಸಿ ಪ್ರತಿ ಕೈಗೆ ಬರದೆ ಏಳದಿರಲಿ. ಎಣಿಕೆಯ ಮೇಜಿನ ಮೇಲೆ ಯಂತ್ರ ತೋರಿಸುವ ಒಟ್ಟು ಮತ ತಾಳೆಯಾಗುತ್ತದೆಯೇ ಎಂದು ನೋಡಲು ನಿಮ್ಮ ಬಳಿ ಇರುವುದು ಆ ಹಾಳೆ ಮಾತ್ರ.