ತೇರಿಗೆ ಒಮ್ಮೆ ಪೇಂಟ್ ಹೊಡೆದು ಬಿಡಬಾರದೇನು?

"ವರ್ಷಾ ಈ ಉರಿಬಿಸಲಾಗ ತೇರಿಗೆ ಎಣ್ಣಿ ಹಚ್ಚೂದ್ಯಾಕ್ರೀ? ಒಮ್ಮೆ ದಪ್ಪಗ ಆಯಿಲ್ ಪೇಂಟ್ ಹೊಡದ ಬಿಡ್ರಿ, ಹತ್ತ ವರ್ಷ ನೋಡೂದ ಬ್ಯಾಡ." ಬಾಗಲಕೋಟೆ ಜಿಲ್ಲೆಯ ನಮ್ಮೂರಲ್ಲಿ ಚಹಾದಂಗಡಿಯಲ್ಲಿ ಕೂತರೂ, ಮದುವೆಗೆ ಹೋದರೂ ಈ ಮಾತು ತಪ್ಪಿದ್ದಲ್ಲ.

ಪೇಂಟ್ ಹೊಡೆದರೆ ಚಂದ ಕಾಣುತ್ತದೆ, ಅಷ್ಟೇ. ಕಟ್ಟಿಗೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಪೇಂಟಿನ ಪದರು ಅದರ ಜೊತೆ ಹಿಗ್ಗಲಾರದೆ ಬಿರಿಯುತ್ತದೆ. ಆ ಬಿರುಕಿನಿಂದ ಒಳಹೊಕ್ಕ ನೀರಿಗೆ ಹೊರಬರುವ ದಾರಿಯಿಲ್ಲ. ಮೇಲೆ ಥಳಥಳ, ಒಳಗೆ ಕೊಳೆತ.

ಇನ್ನು ಬೇಸಿಗೆಯೇ ಯಾಕೆ? ಏಪ್ರಿಲ್-ಮೇನಲ್ಲಿ ಕಟ್ಟಿಗೆ ಒಣಗಿದಷ್ಟು ಬೇರೆ ಯಾವಾಗಲೂ ಒಣಗುವುದಿಲ್ಲ, ಸೀಳೆಲ್ಲ ಬಾಯಿಬಿಟ್ಟಿರುತ್ತವೆ. ಬೆಳಿಗ್ಗೆ ತಂಪೊತ್ತಿನಲ್ಲಿ ಕೆರೆದು, ಉಜ್ಜಿ, ಧೂಳು ಕೊಡವುತ್ತೇವೆ. ಅಗಸಿ ಎಣ್ಣೆ ಹಚ್ಚುವುದು ಹೊತ್ತಿಳಿದ ಮೇಲೆ. ಹಗಲೆಲ್ಲ ಕಾದ ಕಟ್ಟಿಗೆ ಆರುತ್ತ ಹೋದಂತೆ ಒಳಗಿನ ಗಾಳಿ ಕುಗ್ಗಿ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಹಚ್ಚಿದರೆ ಬಿಸಿಲೇರಿದ ಹಾಗೆ ಗುಳ್ಳೆ ಏಳುತ್ತವೆ. ಮೊದಲ ಕೈ ಟರ್ಪೆಂಟೈನ್ ಬೆರೆಸಿ ತೆಳ್ಳಗೆ. ತೊಲೆಯ ಕೊಯ್ದ ತುದಿಗಳಿಗೆ ಎಷ್ಟು ಹಚ್ಚಿದರೂ ಕುಡಿಯುತ್ತಲೇ ಇರುತ್ತವೆ. ಮಳೆನೀರು ಮೊದಲು ನುಗ್ಗುವುದೂ ಅಲ್ಲೇ, ಹಾಗಾಗಿ ಅಲ್ಲಿ ಕೈ ಬಿಗಿ ಹಿಡಿಯುವುದಿಲ್ಲ. ಅರ್ಧ ತಾಸು ಬಿಟ್ಟು ಮಿಕ್ಕ ಎಣ್ಣೆ ಒರೆಸಲೇಬೇಕು. ಇಲ್ಲದಿದ್ದರೆ ಜಿಗುಟು ಹಿಡಿದು ಊರ ಧೂಳೆಲ್ಲ ತೇರಿನ ಮೇಲೆ.

ಸೀಳು ತುಂಬುವ ವಿಷಯಕ್ಕೆ ಪ್ರತಿ ಸಲ ಜಗಳ. ಹುಡುಗರು ಎಂ-ಸೀಲ್ (ಒಣಗಿ ಕಲ್ಲಿನಂತಾಗುವ ಅಂಟು) ಹಿಡಿದು ನಿಂತಿರುತ್ತಾರೆ. ಬಡಿಗೇರ ಕಾಕಾ ಒಪ್ಪುವುದಿಲ್ಲ: "ಈಗ ಬಿಗೀ ತುಂಬಿದ್ರ ಮಳಿಗಾಲದಾಗ ಉಬ್ಬಿದ ಕಟಗಿ ಎಲ್ಲಿ ಹೋಗಬೇಕೋ ತಮ್ಮಾ?" ನಾನೂ ಕಾಕಾನ ಪಕ್ಷವೇ.

"ಸಾಗವಾನಿಗೆ ಏನಾಗ್ತದ?" ಅನ್ನುವವರೂ ಇದ್ದಾರೆ. 1817ರಲ್ಲಿ ಮುಂಬೈಯ ವಾಡಿಯಾ ಮನೆತನದವರು ಸಾಗವಾನಿಯಲ್ಲೇ ಕಟ್ಟಿದ 'ಟ್ರಿಂಕೋಮಲಿ' ಎಂಬ ಹಾಯಿಹಡಗು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ಅದೂ ತಾನಾಗಿ ಉಳಿಯಲಿಲ್ಲ, ವರ್ಷಗಟ್ಟಲೆ ರಿಪೇರಿ ಮಾಡಿ ಉಳಿಸಿದ್ದಾರೆ.

ಕೂಲಿ ಎಷ್ಟು ಅಂತಲೂ ಕೇಳುತ್ತಾರೆ. ಇಲ್ಲ. ರೊಟ್ಟಿ-ಪಲ್ಯ ಇದೆ, ಅಗಸಿ ಚಟ್ನಿಯೂ ಇರುತ್ತದೆ. ಆದರೆ ಪೇಂಟ್ ಅಂಗಡಿಯ ಅಗಸಿ ಎಣ್ಣೆಯನ್ನು ಬಾಯಿಗೆ ಹಾಕಬೇಡಿ. ಬೇಗ ಒಣಗಲೆಂದು ಅದಕ್ಕೆ ಲೋಹದ ಉಪ್ಪುಗಳನ್ನು ಬೆರೆಸಿರುತ್ತಾರೆ.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಅಗಸಿ ಎಣ್ಣೆ ಒಣಗುವುದು ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು. ಹೀರುವಾಗ ಕಾವು ಏಳುತ್ತದೆ. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆದರೆ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು, ಅದೂ ತೇರಿನ ಮನೆಯಲ್ಲಿ! ಅದಕ್ಕೇ ಒಂದೊಂದನ್ನೂ ಬಿಡಿಸಿ ಹೊರಗಿನ ತಂತಿಬೇಲಿ ಮೇಲೆ ಹರವುತ್ತೇವೆ. ಈ ಸಲ ಬರುವವರು ಹಳೆ ಧೋತರ, ಬನಿಯನ್ ತನ್ನಿ. ಪಾಲಿಯೆಸ್ಟರ್ ಸೀರೆ ಹತ್ತಿ ಅರಿವೆಯಷ್ಟು ಎಣ್ಣೆ ಹೀರುವುದಿಲ್ಲ, ಮನೆಯಲ್ಲೇ ಇರಲಿ.