ಪೂರ್ತಿ ಓದು ಪುಟ್ಟಿ

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವಾಗ ಬೆಂಗಳೂರಿನ ಒಂದು ಚಿಕ್ಕ ಸಂಸ್ಥೆಯಲ್ಲಿ ಮೂರು ತಿಂಗಳು ಇಂಟರ್ನ್ ಆಗಿದ್ದೆ. ಕಣ್ಣು ಕಾಣದವರ ಪರವಾಗಿ ಬ್ಯಾಂಕು, ಕಚೇರಿ, ಕಾಲೇಜುಗಳ ಜೊತೆ ಮಾತಾಡುವ ಸಂಸ್ಥೆ ಅದು. ನನ್ನ ಹುದ್ದೆ ಅಡ್ವೊಕೆಸಿ ಇಂಟರ್ನ್. ಊರಲ್ಲಿ ಅಜ್ಜಿಗೆ ಹೇಳಿದರೆ "ಓ, ಲಾಯರ್ ಕೆಲಸಾನಾ?" ಅಂದರು. ಅಲ್ಲ ಅಜ್ಜಿ ಅಂತ ಶುರು ಮಾಡಿ ಅರ್ಧಕ್ಕೇ ಬಿಟ್ಟೆ, ಯಾಕಂದ್ರೆ ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮೊದಲ ತಿಂಗಳು ನಾನು ಮಾಡಿದ್ದು ಬರೀ ಯುಡಿಐಡಿ ಕಾರ್ಡಿನ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಅರ್ಜಿ ತುಂಬುವುದು, ಫೋಟೋ ಅಪ್‌ಲೋಡ್ ಆಗದೆ ತಲೆ ಚಚ್ಚಿಕೊಳ್ಳುವುದು.

ಎರಡನೇ ತಿಂಗಳಲ್ಲಿ ಸಂಸ್ಥೆಗೆ ಒಬ್ಬರು ಆಂಟಿ ಬಂದರು. ಹೊಲಿಗೆ ಅಂಗಡಿ ಇಟ್ಟಿದ್ದವರು. ಗ್ಲೂಕೋಮಾದಲ್ಲಿ ಕಣ್ಣು ಹೋಗಿತ್ತು. ಹೆಚ್ಚಾಗಿ ನೋವಿಲ್ಲ, ಉರಿಯಿಲ್ಲ, ಅಂಚಿನಿಂದ ಸುಮ್ನೆ ಒಳಗೊಳಗೇ ತಿಂದುಕೊಂಡು ಬರುವ ಕಾಯಿಲೆ ಅದು, ಒಮ್ಮೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಅವರಿಗೆ ಈಗ ಬೆಳಕು ಎಲ್ಲಿದೆ ಅಂತಷ್ಟೇ ಗೊತ್ತಾಗುತ್ತಿತ್ತು. ಬ್ಯಾಂಕಿನಲ್ಲಿ ಎಟಿಎಂ ಕಾರ್ಡ್, ಚೆಕ್ ಪುಸ್ತಕ ಎರಡೂ ಕೊಡಲ್ಲ ಅಂದಿದ್ದರಂತೆ. ಸರಿ, ಜೊತೆಗೆ ಹೋಗು ಅಂತ ನಮ್ಮ ಮೇಡಂ ನನ್ನನ್ನು ಕಳಿಸಿದರು.

ಕೌಂಟರಿನಲ್ಲಿದ್ದವರು ಆಂಟಿಯ ನೀಲಿ ಯುಡಿಐಡಿ ಕಾರ್ಡ್ ನೋಡಿದರು (ಅಂಗವೈಕಲ್ಯ ಶೇಕಡಾ 80 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನೀಲಿ), ಆಮೇಲೆ ನನ್ನ ಮುಖ ನೋಡಿ "ಇವರಿಗೆ ಕಾರ್ಡ್ ಕೊಟ್ಟರೆ ಯಾರಾದ್ರೂ ಮೋಸ ಮಾಡ್ತಾರಮ್ಮ, ಮಗನ ಜೊತೆ ಜಾಯಿಂಟ್ ಮಾಡಿಸಿಬಿಡಿ" ಅಂದರು. ಕೆಟ್ಟ ಮನುಷ್ಯರೇನಲ್ಲ, ನಿಜಕ್ಕೂ ಕಾಳಜಿಯಿಂದಲೇ ಹೇಳಿದ್ದು. ಆಂಟಿ ನನ್ನ ಪಕ್ಕದಲ್ಲೇ ನಿಂತು "ಮಗ ಹುಬ್ಬಳ್ಳಿಲಿದ್ದಾನೆ ಸಾರ್, ಖಾತೆ ನಂದು" ಅಂದರು. ನಾನು ಫೈಲಿನಿಂದ ರಿಸರ್ವ್ ಬ್ಯಾಂಕಿನ ಸುತ್ತೋಲೆ ತೆಗೆದೆ. 2008ರ ಜೂನ್ 4ರದ್ದು. ಕಣ್ಣು ಕಾಣದವರೂ ಕಾನೂನಿನ ಪ್ರಕಾರ ಒಪ್ಪಂದ ಮಾಡಿಕೊಳ್ಳಬಲ್ಲವರು, ಆದ್ದರಿಂದ ಚೆಕ್ ಪುಸ್ತಕ, ಎಟಿಎಂ, ಲಾಕರ್, ನೆಟ್ ಬ್ಯಾಂಕಿಂಗ್ ಎಲ್ಲವನ್ನೂ ಭೇದ ಮಾಡದೆ ಕೊಡಬೇಕು ಅಂತ ಅದರಲ್ಲಿದೆ. ಇಷ್ಟು ವರ್ಷವಾದರೂ ಅವರು ಅದನ್ನು ಮೊದಲ ಸಲ ಓದುತ್ತಿರುವ ಹಾಗಿತ್ತು. ಓದಿ, ಮ್ಯಾನೇಜರ್ ಕೋಣೆಗೆ ಹೋಗಿ, ಅರ್ಧ ಗಂಟೆ ಬಿಟ್ಟು ಒಂದು ಅರ್ಜಿ, ಅದರ ಜೊತೆ ಟೈಪ್ ಮಾಡಿದ ಇನ್ನೊಂದು ಹಾಳೆ ತಂದುಕೊಟ್ಟರು.

ನನಗೆ ಒಳಗೊಳಗೇ ಖುಷಿ. ಗೆದ್ದೆವು ಅಂತ. ಚಕಚಕ ತುಂಬಿದೆ. "ಹೆಸರು, ವಿಳಾಸ ಎಲ್ಲ ಬರೆದಿದ್ದೀನಿ ಆಂಟಿ, ಉಳಿದದ್ದು ಮಾಮೂಲಿ ಷರತ್ತು, ಇಲ್ಲಿ ಸಹಿ ಹಾಕಿ" ಅಂತ ಅವರ ಬೆರಳನ್ನು ಗೆರೆಯ ಮೇಲಿಟ್ಟೆ. ಅವರು ಬೆರಳು ತೆಗೆದರು.

"ಮಾಮೂಲಿ ಅಂದ್ರೆ ಏನು? ಪೂರ್ತಿ ಓದು ಪುಟ್ಟಿ."

"ಎರಡು ಪೇಜು ಇದೆ ಆಂಟಿ, ಸಣ್ಣ ಅಕ್ಷರ..."

"ಬ್ಲೌಸ್ ಹೊಲಿಸೋರೂ ಬಂದು ಮಾಮೂಲಿ ಅಳತೆ ಅಂತಾರೆ. ನಾನು ಟೇಪು ಹಿಡೀದೆ ಕತ್ತರಿ ಹಾಕಿದವಳಲ್ಲ."

ಓದಿದೆ. ಇಂಗ್ಲಿಷ್ ಸಾಲು ಓದುವುದು, ಕನ್ನಡದಲ್ಲಿ ಹೇಳುವುದು, ಕೆಲವು ಕಡೆ ನನಗೇ ಅರ್ಥವಾಗದೆ ಮತ್ತೆ ಮೊದಲಿಂದ. ಹಿಂದೆ ನಿಂತವರೊಬ್ಬರು "ಮನೇಲಿ ಓದ್ಕೊಂಡು ಬರಬಾರದಾ" ಅಂತ ಗೊಣಗಿದರು. ಟೈಪ್ ಮಾಡಿದ ಹಾಳೆಗೆ ಬಂದಾಗ ನನ್ನ ನಾಲಿಗೆ ಸ್ವಲ್ಪ ತಡವರಿಸಿತು. ಈ ಖಾತೆಯಲ್ಲಿ ಏನೇ ಮೋಸ ನಡೆದರೂ ಬ್ಯಾಂಕು ಹೊಣೆಯಲ್ಲ, ಹಾಗಂತ ನಾನೇ ಒಪ್ಪಿ ಬರೆದುಕೊಡುತ್ತಿದ್ದೇನೆ ಅಂತಿತ್ತು. ಕೆಳಗೆ ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಲು ಚೌಕ.

ನಾನು ಇದಕ್ಕೂ ಸಹಿ ಹಾಕಿಸುವವಳಿದ್ದೆ. ಮಾಮೂಲಿ ಅಂತ.

ಆಂಟಿ ದನಿ ಏರಿಸಲಿಲ್ಲ. "ಈ ಕಾಗದ ಎಲ್ಲಾರ ಹತ್ರಾನೂ ಬರೆಸ್ಕೋತೀರಾ ಸಾರ್?" ಅಂದರು. ಉತ್ತರ ಬರಲಿಲ್ಲ. ಹಾಳೆಯನ್ನು ಮಡಿಸಿ ಅವರ ಕಡೆಗೇ ಸರಿಸಿದರು. ಆಮೇಲೆ ಪರ್ಸಿನಿಂದ ಒಂದು ರಟ್ಟಿನ ತುಂಡು ತೆಗೆದರು. ಬಟ್ಟೆ ಡಬ್ಬಿಯ ರಟ್ಟು, ನಡುವೆ ಸಹಿಯಷ್ಟೇ ಉದ್ದದ ಕಿಟಕಿ, ಅಂಚು ಒಂದಿಷ್ಟೂ ಸೊಟ್ಟ ಇಲ್ಲ. ತಾವೇ ಕತ್ತರಿಸಿದ್ದಂತೆ. ನಾನು ಗೆರೆ ತೋರಿಸಿದೆ, ಅವರು ರಟ್ಟು ಇಟ್ಟು ಕಿಟಕಿಯೊಳಗೆ ಅರ್ಜಿಗೆ ಮಾತ್ರ ಸಹಿ ಮಾಡಿದರು. ಹಳೇ ಸಹಿಯೇ, ಬಾಲ ಸಮೇತ.

ಅವತ್ತು ಅರ್ಜಿ ತೆಗೆದುಕೊಳ್ಳಲಿಲ್ಲ. ಇನ್ನೆರಡು ಸಲ ಹೋದೆವು, ನಮ್ಮ ಮೇಡಂ ಒಂದು ಪತ್ರ ಬರೆದರು, ಆ ಟೈಪ್ ಹಾಳೆ ಮತ್ತೆ ಕಾಣಿಸಲಿಲ್ಲ. ಕಾರ್ಡ್ ಅಂಚೆಯಲ್ಲಿ ಬಂತು.

ಮೊದಲು ಹೋದ ಎಟಿಎಂನಲ್ಲಿ ಇಯರ್‌ಫೋನ್ ಚುಚ್ಚುವ ತೂತಿತ್ತು, ದನಿ ಇರಲಿಲ್ಲ. ಎರಡನೆಯದು ಮಾತಾಡಿತು. "ನೀನು ಹೊರಗೆ ಆ ಕಡೆ ತಿರುಗಿ ನಿಂತ್ಕೋ" ಅಂದರು. ನಿಂತೆ. ಹೊರಗೆ ಬಂದು ಮೆಟ್ಟಿಲ ಮೇಲೆ ನೋಟುಗಳನ್ನು ಒಂದರ ಮೇಲೊಂದು ಇಟ್ಟು ಅಂಚು ಸವರಿದರು. ಹೊಸ 100ರ ನೋಟು 142 ಮಿಲಿಮೀಟರ್ ಉದ್ದ, 200ರದ್ದು 146, 500ರದ್ದು 150. ಅಗಲ ಮೂರಕ್ಕೂ 66. ಅಂದರೆ ನಾಲ್ಕು ಮಿಲಿಮೀಟರಿನಲ್ಲಿ ಮುನ್ನೂರು ರೂಪಾಯಿ ವ್ಯತ್ಯಾಸ! ಇದರ ಮಧ್ಯೆ ಹಳೇ 100ರ ನೋಟು ಸಿಕ್ಕಿದರೆ ಅದು 157, ಹೊಸ 500ಕ್ಕಿಂತ ಉದ್ದ. ಇದನ್ನು ಯಾರು ಯೋಚಿಸಿ ಮಾಡಿದರೋ. ಫೋನಿನಲ್ಲಿ ನೋಟು ಗುರುತಿಸುವ ಆ್ಯಪ್ ಇದೆಯಲ್ಲ ಅಂದರೆ, "ಸಂತೇಲಿ ನಿಂತು ಐನೂರು ಅಂತ ಕೂಗಿಸ್ಕೊಳ್ಲಾ?" ಅಂದರು.

ಪಾಸ್‌ಬುಕ್ ಕಾಲದಲ್ಲಿ ಪಕ್ಕದ ಮನೆಯವರು, ಮೆಡಿಕಲ್ ಶಾಪಿನ ಹುಡುಗ, ಯಾರು ಸಿಕ್ಕರೆ ಅವರು ಓದಿ ಹೇಳಬೇಕಿತ್ತಂತೆ, ಇಡೀ ಬೀದಿಗೇ ಅವರ ದುಡ್ಡಿನ ಲೆಕ್ಕ ಗೊತ್ತಿತ್ತಂತೆ. ಮಷೀನಿನಿಂದ ಬಂದ ಚೀಟಿಯನ್ನು ನಾಲ್ಕಾಗಿ ಹರಿದು ಬ್ಯಾಗಿಗೆ ಹಾಕಿಕೊಂಡರು.

"ಬ್ಯಾಲೆನ್ಸ್ ಎಷ್ಟಿದೆ ಆಂಟಿ?" ಅಂತ ಅಭ್ಯಾಸಬಲದಿಂದ ಕೇಳಿಬಿಟ್ಟೆ.

"ಅದು ನಿನಗ್ಯಾಕೆ?" ಅಂತ ನಕ್ಕು, ನನ್ನ ಮೊಣಕೈ ಹಿಡಿದುಕೊಂಡು, ಬಸ್ ಸ್ಟಾಪ್ ಯಾವ ಕಡೆ ಅಂದರು.